ಆಶ್ರಯವೂ ಅಪಹರಣವೂ: ಸೀತಾಳೆ ದಂಡೆಯ ನೆಪದಲ್ಲಿ ಒಂದು ವಿಚಾರ

ಪರರ ಆಧಾರವಿಲ್ಲದೆ ಯಾವ ಜೀವದ ಬದುಕೂ ಸಾಗದೆಂಬುದು ಎಲ್ಲರೂ ಒಪ್ಪುವ ಮಾತು. ಶಿಶುವು ತಾಯಿಯನ್ನೂ, ಒಕ್ಕಲಿಗನು ನೆಲವನ್ನೂ, ವರ್ತಕನು ಗಿರಾಕಿಯನ್ನೂ, ತ್ಯಾಗಿಗಳು ಶ್ರಾವಕರನ್ನೂ ಆಶ್ರಯಿಸಿಯೇ ನಡೆಯಬೇಕು. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿರುವುವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ತಿಳಿಸುತ್ತದೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಜೈನ ಸಮಾಜವು ಒಪ್ಪಿಕೊಂಡ ಲಾಂಛನದ ಅಡಿಯಲ್ಲಿಯೂ ಆ ಸೂತ್ರವೇ ಇದೆ. ಆದರೆ ಉಪಕಾರವನ್ನು ಪಡೆಯುವುದಕ್ಕೂ ಕಿತ್ತುಕೊಳ್ಳುವುದಕ್ಕೂ ನಡುವೆ ಒಂದು ಗೆರೆಯಿದೆ. ಬಾಡಿಗೆದಾರ, ಪಾಲುದಾರ, ಸಾಲಗಾರ, ಕಳ್ಳ, ಈ ನಾಲ್ವರೂ ಇನ್ನೊಬ್ಬರ ಸೊತ್ತಿನ ಆಧಾರದಿಂದಲೇ ಬಾಳುವವರು. ಆದರೂ ನಾವು ನಾಲ್ವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಹಾಗಾದರೆ ಆ ಗೆರೆ ಎಲ್ಲಿದೆ? ಆಶ್ರಯವು ಮುಗಿದು ಅಪಹರಣವು ಆರಂಭವಾಗುವುದು ಯಾವ ಎಡೆಯಲ್ಲಿ?

ಈ ಪ್ರಶ್ನೆಯನ್ನು ಕೇವಲ ಶಾಸ್ತ್ರವಾಕ್ಯಗಳ ಬಲದಿಂದ ಬಿಡಿಸುವುದಕ್ಕಿಂತ, ಕಣ್ಣೆದುರಿನ ಒಂದು ಗಿಡದ ಜೀವನಕ್ರಮವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ಹುಂಚ, ನರಸಿಂಹರಾಜಪುರ, ಕಾರ್ಕಳ, ಮೂಡುಬಿದಿರೆಗಳ ಸುತ್ತಿನ ಬಂಧುಗಳಿಗೆ ಆ ಗಿಡವು ಅಪರಿಚಿತವಲ್ಲ. ಮುಂಗಾರಿನ ಆಸುಪಾಸಿನಲ್ಲಿ ಹಳೆಯ ಮಾವು, ಹಲಸು, ಮತ್ತಿ ಮರಗಳ ಕೊಂಬೆಗಳಿಂದ ಬಿಳಿಯ ಎಸಳಿನ ಮೇಲೆ ನೇರಳೆಗೆಂಪು ಚುಕ್ಕೆಗಳುಳ್ಳ ನೂರಾರು ಪುಟ್ಟ ಹೂಗಳ ಒತ್ತಾದ ಜಡೆಯೊಂದು ಇಳಿಬಿದ್ದಿರುತ್ತದೆ. ಸೀತಾದೇವಿಯು ಮುಡಿದ ಹೂವಿನ ದಂಡೆಯೆಂದು ಭಾವಿಸಿ ಮಲೆನಾಡಿನ ಜನರು ಇದನ್ನು ಸೀತಾಳೆ ದಂಡೆ ಎನ್ನುತ್ತಾರೆ. ಇಂಗ್ಲಿಷರ ಕಣ್ಣಿಗೆ ಅದು ನರಿಯ ಬಾಲದಂತೆ ಕಂಡಿತು. ಅಸ್ಸಾಮಿನಲ್ಲಿ ಅದು ಕೊಪೌ ಫೂಲ್. ಬೊಹಾಗ್ ಬಿಹುವಿನ ನರ್ತನದಲ್ಲಿ ಅಲ್ಲಿನ ಯುವತಿಯರು ಮುಡಿಯುವ ಹೂವೂ, ಆ ರಾಜ್ಯದ ಪುಷ್ಪವೂ ಅದೇ. ಸಸ್ಯಶಾಸ್ತ್ರಜ್ಞರು ಅದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆಯುತ್ತಾರೆ. ಭಾರತ, ಶ್ರೀಲಂಕಾ, ನೇಪಾಳಗಳಿಂದ ಹಿಡಿದು ಮ್ಯಾನ್ಮಾರ್, ಥಾಯ್ಲೆಂಡ್, ಇಂಡೋನೇಷಿಯಾ, ಫಿಲಿಪ್ಪೀನ್ಸ್‌ಗಳವರೆಗಿನ ಉಷ್ಣವಲಯದ ಕಾಡುಗಳು ಇದರ ತವರು.

ಈ ಗಿಡದ ಹೆಸರಿನ ಇತಿಹಾಸದಲ್ಲಿಯೇ ಒಂದು ಸ್ವಾರಸ್ಯವಿದೆ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು ಮಲಬಾರಿನ ಸಸ್ಯಗಳ ಕುರಿತು ಹೊರತಂದ ಹಾರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ ಇದನ್ನು ಅಂಜಿಲಿ ಮರವಾಳ ಎಂಬರ್ಥದ ಸ್ಥಳೀಯ ಹೆಸರಿನಿಂದ ಚಿತ್ರಿಸಲಾಗಿದೆ. ಅಂಜಿಲಿಯೆಂದರೆ ನಮ್ಮ ಹೆಬ್ಬಲಸು. ಮರವಾಳವೆಂದರೆ ಮರದ ಮೇಲಿನ ಬಾಳೆ. ಗಿಡವನ್ನು ಹೆಸರಿಸುವಾಗ ಅದಕ್ಕೆ ಎಡೆಕೊಟ್ಟ ಮರವನ್ನೂ ಸೇರಿಸಿಯೇ ಹೆಸರಿಸಿದ ಆ ನಾಡಿನವರ ಕೃತಜ್ಞತೆ ಮೆಚ್ಚತಕ್ಕದ್ದು. 1753ರಲ್ಲಿ ಲಿನೇಯಸನು ಇದನ್ನು ಎಪಿಡೆಂಡ್ರಮ್ ಎಂಬ ಕುಲಕ್ಕೆ ಸೇರಿಸಿದನು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೂ ಮರದ ಮೇಲಿನದು ಎಂದೇ ಅರ್ಥ. 1825ರಲ್ಲಿ ಬ್ಲೂಮೆ ಎಂಬ ವಿದ್ವಾಂಸನು ಈಗಿನ ಹೆಸರನ್ನು ಕೊಟ್ಟನು.

ಇಂತಹ ಸಸ್ಯಗಳನ್ನು ಕನ್ನಡದಲ್ಲಿ ಅಪ್ಪುಸಸ್ಯಗಳೆನ್ನುತ್ತಾರೆ. ಸೀತಾಳೆಯ ವಂಶದಲ್ಲಿ ಸುಮಾರು 28,000 ಜಾತಿಗಳಿವೆಯೆಂದೂ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕವು ಮರಗಳನ್ನು ಅಪ್ಪಿ ಬೆಳೆಯುವಂಥವೆಂದೂ ತಿಳಿದವರು ಹೇಳುತ್ತಾರೆ. ದಟ್ಟಕಾಡಿನ ನೆಲದ ಮೇಲೆ ಬೆಳಕು ಕಡಮೆ. ಎತ್ತರದ ಮರಗಳ ಎಲೆಗಳು ಸೂರ್ಯನ ಬಹುಪಾಲು ಕಿರಣಗಳನ್ನು ಮೇಲೆಯೇ ತಡೆಹಿಡಿಯುತ್ತವೆ. ಸಣ್ಣ ಗಿಡವೊಂದು ಬೆಳಕನ್ನು ಪಡೆಯಬೇಕಾದರೆ ದೊಡ್ಡ ಕಾಂಡವನ್ನು ಕಟ್ಟಿಕೊಂಡು ನೂರಾರು ವರ್ಷ ಮೇಲೇರಬೇಕು. ಇಲ್ಲವೇ ಏರಿದವರ ಹೆಗಲ ಮೇಲೆ ಕೂರಬೇಕು. ಸೀತಾಳೆಯು ಎರಡನೆಯ ದಾರಿಯನ್ನು ಹಿಡಿದಿದೆ. ಆದರೆ ಆ ಎತ್ತರಕ್ಕೆ ಅದು ತೆರುವ ಬೆಲೆ ಕಡಮೆಯಾದುದಲ್ಲ. ಅಲ್ಲಿ ಮಣ್ಣಿಲ್ಲ, ಮಣ್ಣಿನ ತೇವವಿಲ್ಲ, ಮಳೆ ನಿಂತ ಒಂದು ಗಳಿಗೆಯಲ್ಲಿ ತೊಗಟೆಯು ಒಣಗಿಹೋಗುತ್ತದೆ.

ಈ ಕೊರತೆಯ ನಡುವೆ ಅದು ಬಾಳುವ ಬಗೆಯನ್ನು ಗಮನಿಸಬೇಕು. ಅದರ ದಪ್ಪನೆಯ ಬೇರುಗಳ ಹೊರಮೈಗೆ ವೆಲಮೆನ್ ಎಂಬ ಹೊದಿಕೆಯುಂಟು. ಅದು ಸತ್ತ ಕೋಶಗಳಿಂದಾದ, ಅರಳೆಯಂತೆ ನೀರು ಹೀರುವ ಪದರ. ಒಣಗಿದಾಗ ಬೇರು ಬೆಳ್ಳಿಯಂತೆ ಬೆಳ್ಳಗಿರುತ್ತದೆ. ಒಂದು ಹನಿ ತಾಗಿದೊಡನೆ ಒಳಗಿನ ಹಸುರು ಹೊರಗೆ ಕಾಣಿಸುತ್ತದೆ. ಈ ಪದರವು ಮಳೆಯ ನೀರನ್ನು ಕ್ಷಣಮಾತ್ರದಲ್ಲಿ ಹಿಡಿದುಕೊಂಡು ಒಳಗಿನ ಜೀವಂತ ಭಾಗಕ್ಕೆ ಮೆಲ್ಲನೆ ಒಪ್ಪಿಸುತ್ತದೆ. ಎಲೆಗಳಿಂದ ತೊಟ್ಟಿಕ್ಕಿ ಕಾಂಡದ ಗುಂಟ ಇಳಿಯುವ ನೀರಿನಲ್ಲಿ ಕರಗಿದ ಲವಣಾಂಶ, ಗಾಳಿಯ ಧೂಳು, ತೊಗಟೆಯ ಬಿರುಕಿನಲ್ಲಿ ಕೊಳೆತ ತರಗೆಲೆ, ಇವೇ ಅದರ ಪೋಷಣೆ. ಉಳಿದ ಆಹಾರವನ್ನು ಬೆಳಕಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ದಪ್ಪ ಎಲೆಯ ಇಂತಹ ಅನೇಕ ಸೀತಾಳೆಗಳು ಹಗಲಿನಲ್ಲಿ ನೀರು ಆವಿಯಾಗದಿರಲೆಂದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯಲ್ಲಿ ತೆರೆದು ಗಾಳಿಯನ್ನು ಸೇವಿಸುತ್ತವೆ. ರಾತ್ರಿಭೋಜನ ತ್ಯಾಗದ ನಮ್ಮ ನಿಯಮವನ್ನು ಅವುಗಳ ಮೇಲೆ ಹೇರುವಂತಿಲ್ಲ!

ಮರದ ಮೇಲೆ ಹುಟ್ಟುವ ಸಸ್ಯಗಳು ಏನನ್ನು ಉಣ್ಣುತ್ತವೆಂಬ ಪ್ರಶ್ನೆ ಹೊಸದಲ್ಲ. ಸೂತ್ರಕೃತಾಂಗದಲ್ಲಿ ಆಹಾರಪರಿಜ್ಞಾ ಎಂಬ ಅಧ್ಯಯನವಿದೆ. ಯಾವ ಜೀವವು ಎಲ್ಲಿ ಹುಟ್ಟಿ ಯಾವುದನ್ನು ಆಹಾರವಾಗಿ ಕೊಳ್ಳುತ್ತದೆಂಬುದೇ ಅದರ ವಿಷಯ. ಮರವನ್ನೇ ಯೋನಿಯಾಗಿ ಹೊಂದಿ ಮರದ ಮೇಲೆ ಬೆಳೆಯುವ ಸಸ್ಯಜೀವಗಳೂ ಅಲ್ಲಿ ಬೇರೆಯೇ ವರ್ಗವಾಗಿ ಎಣಿಕೆಗೊಂಡಿವೆ. ಅವು ಮರದ ರಸವನ್ನೇ ಉಣ್ಣುತ್ತವೆಂದು ಅಲ್ಲಿ ಹೇಳಿದೆ. ಮರದ ಮೇಲೆ ಬಾಳುವವೆಲ್ಲ ಒಂದೇ ಬಗೆಯವಲ್ಲವೆಂದು ಇಂದಿನ ಸಸ್ಯಶಾಸ್ತ್ರವು ಬಿಡಿಸಿ ತೋರಿಸಿದೆ. ಉತ್ತರವು ಸೂಕ್ಷ್ಮವಾದರೂ ಪ್ರಶ್ನೆ ಅದೇ: ಈ ಜೀವವು ಯಾರ ಪಾಲನ್ನು ಉಣ್ಣುತ್ತಿದೆ?

ಆ ಭೇದವನ್ನು ಮನೆಯ ದೃಷ್ಟಾಂತದಿಂದ ಹೇಳಬಹುದು. ಮರವೊಂದು ಮನೆಯೆಂದು ಭಾವಿಸೋಣ. ಅದಕ್ಕೆ ಮೂವರು ಒಕ್ಕಲು ಬರುತ್ತಾರೆ. ಮೊದಲನೆಯದು ಬಂದಳಿಕೆ. ಅದಕ್ಕೆ ಸ್ವಂತ ಹಸುರು ಎಲೆಗಳಿದ್ದರೂ, ಕೊಂಬೆಯೊಳಕ್ಕೆ ತನ್ನ ಹೀರುಬೇರನ್ನು ಇಳಿಸಿ ಮರದ ನೀರನ್ನೂ ಲವಣವನ್ನೂ ಎಳೆದುಕೊಳ್ಳುತ್ತದೆ. ಗೋಡೆಗೆ ಕನ್ನ ಕೊರೆದು ಯಜಮಾನನ ಉಗ್ರಾಣಕ್ಕೆ ಕೈಹಾಕುವ ಒಕ್ಕಲಿನಂತೆ ಇದರ ವರ್ತನೆ. ಎರಡನೆಯದು ಆಲ, ಬಸರಿಗಳ ಜಾತಿ. ಹಕ್ಕಿಯು ಬಿಟ್ಟ ಬೀಜದಿಂದ ಕೊಂಬೆಯ ಸಂದಿನಲ್ಲಿ ಮೊಳೆತಾಗ ಅದು ಯಾರಿಗೂ ಹೊರೆಯಲ್ಲದ ಅತಿಥಿ. ಬರಬರುತ್ತಾ ಅದರ ಬೇರುಗಳು ನೆಲವನ್ನು ಮುಟ್ಟುತ್ತವೆ, ದಪ್ಪನಾಗುತ್ತವೆ, ಮರವನ್ನು ಸುತ್ತುವರಿಯುತ್ತವೆ. ಬಹುಕಾಲ ಕಳೆದ ಮೇಲೆ ಮನೆಯ ಯಜಮಾನನೇ ಇಲ್ಲವಾಗಿ ಅತಿಥಿಯು ಯಜಮಾನನಾಗಿರುತ್ತಾನೆ. ಮೂರನೆಯದು ಸೀತಾಳೆ. ಅದು ಜಗಲಿಯನ್ನು ದಾಟಿ ಒಳಗೆ ಬರುವುದಿಲ್ಲ. ಸೂರಿನ ನೀರನ್ನು ಕುಡಿದು, ಗಾಳಿ ತಂದುದನ್ನು ಉಂಡು, ಜಗಲಿಯ ಮೂಲೆಯಲ್ಲಿ ಹೂಬಿಟ್ಟು ಕುಳಿತಿರುತ್ತದೆ. ಅದರ ಬೇರು ತೊಗಟೆಯನ್ನು ಅಪ್ಪುತ್ತದೆ, ತೊಗಟೆಯನ್ನು ಭೇದಿಸುವುದಿಲ್ಲ.

ಆದರೂ ಸೀತಾಳೆಯು ಯಾರಿಗೂ ಏನನ್ನೂ ಸಲ್ಲಿಸಬೇಕಾಗಿಲ್ಲವೆಂದು ಬರೆದರೆ ಲೆಕ್ಕ ತಪ್ಪಾಗುತ್ತದೆ. ಬಹುಕಾಲ ಬೆಳೆದ ದೊಡ್ಡ ಗುಂಪುಗಳು ಮಳೆಯಲ್ಲಿ ನೆನೆದು ಭಾರವಾದಾಗ ಜೀರ್ಣವಾದ ಕೊಂಬೆಯು ಮುರಿಯುವುದುಂಟು. ಅದಕ್ಕಿಂತ ದೊಡ್ಡ ಋಣವು ಶೈಶವದ್ದು. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ಮೊಳಕೆಗೆ ಬೇಕಾದ ಬುತ್ತಿಯನ್ನು ತಾಯಿಯು ಕಟ್ಟಿ ಕಳುಹಿಸಿರುವುದಿಲ್ಲ. ತೊಗಟೆಯ ಮೇಲೆ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವು ದೊರೆತು, ಅದರಿಂದ ಆಹಾರವು ಬಂದರೆ ಮಾತ್ರ ಬೀಜವು ಗಿಡವಾಗುತ್ತದೆ. ಸೀತಾಳೆಯ ವಂಶದ ಈ ರಹಸ್ಯವನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. ಸಾವಿರದಲ್ಲಿ ಎಲ್ಲೋ ಒಂದು ಬೀಜಕ್ಕೆ ಸರಿಯಾದ ತೊಗಟೆ, ಸರಿಯಾದ ತೇವ, ಸರಿಯಾದ ಶಿಲೀಂಧ್ರ ಮೂರೂ ಒದಗುತ್ತವೆ. ಆ ಮೇಲೆಯೂ ಅದು ಹೂಬಿಡಲು ಹಲವು ವರ್ಷಗಳು ಬೇಕು. ಕೊಂಬೆಯ ಮೇಲಿನ ಒಂದು ದಂಡೆಯ ಹಿಂದೆ ಇಷ್ಟು ಕಾಲವೂ ಇಷ್ಟು ಉಪಕಾರವೂ ಸಂಚಿತವಾಗಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಬಂದಳಿಕೆಯು ಪಾಪಿಷ್ಠವೆಂದೂ ಸೀತಾಳೆಯು ಪುಣ್ಯಾತ್ಮವೆಂದೂ ತೀರ್ಮಾನಿಸಲು ನಾವು ಹೊರಟರೆ ಅದು ಬಾಲಿಶವಾದೀತು. ಜಿನಬಿಂಬಕ್ಕೆ ಲೇಪಿಸುವ ಗಂಧವನ್ನು ಕೊಡುವ ಶ್ರೀಗಂಧದ ಮರವೂ ನೆಲದಡಿಯಲ್ಲಿ ನೆರೆಯ ಗಿಡಗಳ ಬೇರುಗಳಿಗೆ ತನ್ನ ಹೀರುಬೇರನ್ನು ತೊಡಿಸಿಯೇ ಬೆಳೆಯುತ್ತದೆಂಬುದು ಅರಣ್ಯಶಾಸ್ತ್ರದ ಪ್ರಸಿದ್ಧ ಸಂಗತಿ. ಏಕೇಂದ್ರಿಯ ಜೀವಕ್ಕೆ ವ್ರತವಿಲ್ಲ, ವ್ರತಭಂಗವೂ ಇಲ್ಲ. ಸೀತಾಳೆಯು ಮರದ ರಸವನ್ನು ತ್ಯಾಗಬುದ್ಧಿಯಿಂದ ಬಿಟ್ಟಿಲ್ಲ. ಹೀರುವ ಸಾಧನವೇ ಅದಕ್ಕಿಲ್ಲ. ಆದುದರಿಂದ ಗಿಡವನ್ನು ಗುರುವೆಂದು ಹೊಗಳುವುದರಲ್ಲಿ ಅರ್ಥವಿಲ್ಲ. ಗಿಡದಿಂದ ತಿಳಿಯುವುದು ಇಷ್ಟೇ: ಇನ್ನೊಬ್ಬರನ್ನು ಅವಲಂಬಿಸಿ, ಅವರ ಮೂಲಧನಕ್ಕೆ ಕೈಹಾಕದೆ, ಬಾಳುವುದು ಲೋಕದಲ್ಲಿ ಸಾಧ್ಯ. ಅದು ಸಾಧ್ಯವೆಂದು ತಿಳಿದ ಮೇಲೆ ಹಾಗೆ ಬಾಳಬೇಕೆ ಬೇಡವೆ ಎಂಬ ಪ್ರಶ್ನೆ ಆರಿಸಿಕೊಳ್ಳುವ ಶಕ್ತಿಯುಳ್ಳ ಮನುಷ್ಯನದು.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅಸಲು ಬೇರೆ, ಬಡ್ಡಿ ಬೇರೆ. ಆಧಾರ ಕೊಟ್ಟವನಿಂದ ತಾನಾಗಿ ಹೊರಸೂಸಿದ್ದನ್ನು ಪಡೆದು, ಅವನ ಅಸಲನ್ನು ಇದ್ದಂತೆ ಉಳಿಸುವುದು ಆಶ್ರಯ. ಅಸಲನ್ನೇ ತೆಗೆದುಕೊಂಡು ಹೋಗುವುದು ಅಪಹರಣ. ಇದು ನಾನು ಮೊದಲು ಕೇಳಿದ ಗೆರೆ. ಕೇಳಲು ಸುಲಭವಾದ ಈ ಭೇದವು ನಡವಳಿಕೆಯಲ್ಲಿ ಎಷ್ಟು ಬೇಗ ಅಳಿಸಿಹೋಗುವುದೆಂಬುದಕ್ಕೆ ಸೀತಾಳೆಯ ವಂಶದ ವ್ಯಾಪಾರದ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರಿಗೆ ಈ ಗಿಡಗಳ ಗೀಳು ಹಿಡಿದಿತ್ತು. ಅವರ ಗಾಜಿನ ಮನೆಗಳನ್ನು ತುಂಬಿಸಲು ಸಂಗ್ರಾಹಕರು ಉಷ್ಣವಲಯದ ಕಾಡುಗಳನ್ನೆಲ್ಲ ಜಾಲಾಡಿದರು.

ನಮ್ಮ ದೇಶದ ಖಾಸಿ ಬೆಟ್ಟಗಳಲ್ಲಿ, ಈಗಿನ ಮೇಘಾಲಯದಲ್ಲಿ, ನೀಲಿ ಹೂವಿನ ವಾಂಡಾ ಎಂಬ ಇನ್ನೊಂದು ಅಪ್ಪುಸಸ್ಯವಿದೆ. 1850ರಲ್ಲಿ ಅಲ್ಲಿ ಸಂಚರಿಸಿದ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರನು ತನ್ನ ಹಿಮಾಲಯ ಪ್ರವಾಸಗ್ರಂಥದಲ್ಲಿ ಅದರ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾನೆ. ಲಂಡನ್ನಿನ ಕ್ಯೂ ಉದ್ಯಾನಕ್ಕಾಗಿ ಏಳು ಆಳುಗಳು ಹೊರುವಷ್ಟು ಗಿಡಗಳನ್ನು ಕೀಳಿಸಿದರು. ಜೀವಂತವಾಗಿ ಇಂಗ್ಲೆಂಡನ್ನು ಸೇರಿದವು ಕೆಲವೇ. ಹೂಕರನ ಜೊತೆಗೆ ತನ್ನ ತೋಟಗಾರನನ್ನು ಕಳುಹಿಸಿದ್ದ ಇನ್ನೊಬ್ಬ ಮಹನೀಯನು ಒಂದು ಆಳು ಹೊರೆಯಷ್ಟನ್ನು ಕಳುಹಿಸಿದಾಗ, ಗಿಡಗಳು ಬಹಳ ಸೊರಗಿದ ಸ್ಥಿತಿಯಲ್ಲಿ ತಲುಪಿದರೂ, ಅದು 300 ಪೌಂಡಿಗೆ ಮಾರಾಟವಾಯಿತು. ಒಂದೊಂದು ಗಿಡಕ್ಕೆ 3ರಿಂದ 10 ಪೌಂಡ್ ಬೆಲೆ ಬಂದಿತು. ವಾಣಿಜ್ಯಶಾಸ್ತ್ರವನ್ನು ಓದಿದವನಿಗೆ ಈ ಲೆಕ್ಕದಲ್ಲಿ ಎದ್ದು ಕಾಣುವ ದೋಷವೊಂದಿದೆ. ಜಮೆಯ ಕಡೆ 300 ಪೌಂಡು ಇದೆ. ದಾರಿಯಲ್ಲಿ ಸತ್ತ ಗಿಡಗಳಿಗೆ ಖರ್ಚಿನ ಕಡೆ ಖಾತೆಯೇ ತೆರೆದಿಲ್ಲ. ಕಾಡಿಗೆ ಯಾರೂ ಬಿಲ್ಲು ಬರೆಯಲಿಲ್ಲ. ಆದಕಾರಣ ನಷ್ಟವೇ ಇಲ್ಲವೆಂಬಂತೆ ಪುಸ್ತಕವನ್ನು ಮುಚ್ಚಲಾಯಿತು.

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಇದು ಇನ್ನೂ ಘೋರವಾಯಿತು. ಆಲ್ಬರ್ಟ್ ಮಿಲಿಕನ್ ಎಂಬ ಸಂಗ್ರಾಹಕನು 1891ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಎರಡು ತಿಂಗಳ ದುಡಿಮೆಯಲ್ಲಿ ಸುಮಾರು 10,000 ಗಿಡಗಳನ್ನು ಪಡೆಯಲು ಸುಮಾರು 4,000 ಮರಗಳನ್ನು ಕಡಿಸಿದುದಾಗಿ ಬರೆದಿದ್ದಾನೆ. ಒಂದು ಮರಕ್ಕೆ ಎರಡೂವರೆ ಗಿಡ! ಇದನ್ನು ಓದಿದಾಗ ನಮ್ಮ ಬಸದಿಗಳ ಗೋಡೆಗಳ ಮೇಲೆ ಚಿತ್ರಿತವಾಗಿರುವ ಷಡ್‌ಲೇಶ್ಯೆಯ ನೇರಳೆಮರವು ಯಾರಿಗೆ ನೆನಪಾಗದು? ಹಸಿದ ಆರು ಮಂದಿಯಲ್ಲಿ ಒಬ್ಬನು ಮರವನ್ನು ಬುಡಸಹಿತ ಕೀಳಹೊರಟನು. ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ಹೆಗ್ಗೊಂಬೆಯನ್ನು, ನಾಲ್ಕನೆಯವನು ರೆಂಬೆಯನ್ನು ಕಡಿಯಲೆಳಸಿದನು. ಐದನೆಯವನು ಹಣ್ಣನ್ನಷ್ಟೇ ಕಿತ್ತುಕೊಂಡನು. ಆರನೆಯವನು ಬಿದ್ದ ಹಣ್ಣನ್ನು ಆಯ್ದು ತೃಪ್ತನಾದನು. ಹಸಿವು ಆರು ಮಂದಿಗೂ ಒಂದೇ. ಕೈ ಚಾಚಿದ ದೂರ ಮಾತ್ರ ಬೇರೆ. ಮಿಲಿಕನ್ನನ ಸಂಗ್ರಹಕ್ಕೆ ಹಸಿವಿನ ನೆಪವೂ ಇರಲಿಲ್ಲ; ಅದು ಹೂವಿನ ಮೇಲಿನ ಮೋಹ.

ಮೋಹದಿಂದ ಮಾಡಿದ ಹಿಂಸೆಯನ್ನು ನಾವು ಬೇಗ ಕ್ಷಮಿಸಿಬಿಡುತ್ತೇವೆ. ದ್ವೇಷದಿಂದ ಕೊಂದವನನ್ನು ನಿಂದಿಸುವ ನಾವು, ಪ್ರೀತಿಯಿಂದ ಕೊಂದವನಿಗೆ ರಿಯಾಯಿತಿ ತೋರುತ್ತೇವೆ. ಆದರೆ ರಾಗವೂ ದ್ವೇಷದಂತೆಯೇ ಹಿಂಸೆಯ ಮೂಲವೆಂದು ಆಚಾರ್ಯರು ಎಣಿಸಿದ್ದಾರೆ. ಸೀತಾಳೆಯನ್ನು ಮನೆಗೆ ತಂದವರ ಅಂಗಳದಲ್ಲಿ ಈ ಮಾತು ಪ್ರತ್ಯಕ್ಷವಾಗುತ್ತದೆ. ಹೂವಿನ ಚೆಲುವಿಗೆ ಮನಸೋತು ಗಿಡವನ್ನು ಕೊಂಬೆಯಿಂದ ಕಿತ್ತು ತಂದು, ಕುಂಡದಲ್ಲಿ ಮಣ್ಣುಗೊಬ್ಬರ ತುಂಬಿ ನೆಟ್ಟು, ದಿನಕ್ಕೆರಡು ಬಾರಿ ನೀರೆರೆಯುತ್ತಾರೆ. ಗಾಳಿಯನ್ನೇ ಉಸಿರಾಡಬೇಕಾದ ಬೇರು ಮಣ್ಣಿನಲ್ಲಿ ಉಸಿರುಕಟ್ಟಿ ಕೊಳೆಯುತ್ತದೆ. ಅದಕ್ಕೆ ಬೇಕಾದುದು ನೆನೆಯುವುದು ಮತ್ತು ಒಣಗುವುದು, ಇವೆರಡರ ಸರದಿ. ಎಲೆಗಳ ನಡುವೆ ಸೋಸಿಬಂದ ಬೆಳಕು. ನಿಲ್ಲದೆ ಬೀಸುವ ಗಾಳಿ. ಮಳೆಗಾಲದಷ್ಟೇ ಮುಖ್ಯವಾಗಿ ಮಳೆಯಿಲ್ಲದ ಚಳಿಗಾಲ. ನಾವು ಕೊಡುವುದು ನಮ್ಮ ವಾತ್ಸಲ್ಯವನ್ನು. ಅದಕ್ಕೆ ಬೇಕಾದುದು ಅದರ ಕೊಂಬೆ.

ಹೂಕರನೂ ಇದನ್ನು ಕಂಡಿದ್ದನು. ನೀಲಿ ವಾಂಡಾವು ಖಾಸಿ ಬೆಟ್ಟಗಳಲ್ಲಿ ಹುಲ್ಲುಗಾವಲಿನ ನಡುವಿನ ಸಣ್ಣ ಓಕ್ ಮರಗಳ ಮೇಲೆ ಬಿಸಿಲಿಗೂ ಮಳೆಗೂ ಗಾಳಿಗೂ ಮೈಯೊಡ್ಡಿ ಬೆಳೆಯುತ್ತಿತ್ತು. ಇಂಗ್ಲೆಂಡಿನವರಾದರೋ ಇಂತಹ ಗಿಡಗಳನ್ನೆಲ್ಲ ಬಿಸಿಯಾದ ತೇವದ ಗಾಜಿನ ಮನೆಗಳಲ್ಲಿಟ್ಟು ಸಾಕಲು ಹೆಣಗುತ್ತಿದ್ದರು. ಆ ಜೀವದ ಸ್ಥಿತಿಗತಿಯನ್ನು ತಿಳಿಯುವ ಮೊದಲೇ ಅದನ್ನು ತನ್ನದಾಗಿಸಿಕೊಂಡರೆ ಹೀಗಾಗುತ್ತದೆ. ಒಂದು ಜೀವವನ್ನು ನೋಯಿಸದಿರಬೇಕಾದರೆ ಅದು ಎಲ್ಲಿ, ಹೇಗೆ, ಏತರಿಂದ ಬಾಳುತ್ತದೆಂಬುದನ್ನು ಮೊದಲು ಅರಿಯಬೇಕು. ತಿಳಿಯದ ದಯೆಯು ಎಷ್ಟೋ ವೇಳೆ ತಿಳಿದ ಕ್ರೌರ್ಯದಷ್ಟೇ ಕೇಡನ್ನು ಮಾಡುತ್ತದೆ. ಜ್ಞಾನವು ಮೊದಲು, ದಯೆಯು ಅನಂತರ ಎಂಬ ಹಿರಿಯರ ಕ್ರಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇನ್ನು ಆಕ್ಷೇಪಗಳನ್ನು ಪರಿಶೀಲಿಸೋಣ. ಕಾಡಿನ ಗಿಡಕ್ಕೆ ಒಡೆಯನಾರು, ಒಡೆಯನಿಲ್ಲದ ವಸ್ತುವನ್ನು ಕೊಂಡರೆ ಕಳ್ಳತನವೆಂತು ಎಂದು ಕೆಲವರು ಕೇಳುವುದುಂಟು. ಲೌಕಿಕ ಉತ್ತರವು ಸರಳವಾಗಿದೆ. ಸರಕಾರದ ಕಾಡಿನ ಮರಗಳಷ್ಟೇ ಅಲ್ಲ, ಅಲ್ಲಿನ ಗಿಡ, ಬಳ್ಳಿ, ಹೂಗಳೂ 1963ರ ಕರ್ನಾಟಕ ಅರಣ್ಯ ಅಧಿನಿಯಮದ ಪ್ರಕಾರ ಅರಣ್ಯೋತ್ಪನ್ನಗಳೇ. ನೀಲಿ ವಾಂಡಾ, ಕೆಂಪು ವಾಂಡಾ ಮೊದಲಾದವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ 1991ರ ತಿದ್ದುಪಡಿಯಲ್ಲಿ ತರಲಾಯಿತು. ಸೀತಾಳೆಯ ವಂಶದ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಆದರೆ ಶ್ರಾವಕನಿಗೆ ಕಾನೂನಿಗಿಂತಲೂ ಹತ್ತಿರದ ಅಳತೆಯೊಂದಿದೆ. ಅಚೌರ್ಯವ್ರತದ ಲಕ್ಷಣವು ಒಡೆಯನಿದ್ದಾನೆಯೆ ಎಂದು ಕೇಳುವುದರಲ್ಲಿಲ್ಲ. ಇದನ್ನು ನನಗೆ ಕೊಟ್ಟವರು ಯಾರು ಎಂದು ಕೇಳುವುದರಲ್ಲಿದೆ. ಕೊಡದಿರುವುದನ್ನು ಕೊಳ್ಳುವುದೇ ಅದತ್ತಾದಾನ.

ನಾನು ಕಿತ್ತವನಲ್ಲ, ರಸ್ತೆಯ ಬದಿಯಲ್ಲಿ ಮಾರುತ್ತಿದ್ದುದನ್ನು ಹಣಕೊಟ್ಟು ತಂದವನು ಎಂಬುದು ಎರಡನೆಯ ಸಮಾಧಾನ. ವರ್ತಕ ಸಮುದಾಯದವರಾದ ನಾವು ಈ ಮಾತನ್ನು ವಿಶೇಷವಾಗಿ ಪರೀಕ್ಷಿಸಬೇಕು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಕಳ್ಳತನಕ್ಕೆ ಪ್ರೇರಿಸುವುದು. ಎರಡನೆಯದು ತದಾಹೃತಾದಾನ, ಅಂದರೆ ಕದ್ದು ತಂದ ಮಾಲನ್ನು ಕೊಳ್ಳುವುದು. ಕೊಳ್ಳುವವನಿಲ್ಲದಿದ್ದರೆ ಕೀಳುವವನಿಲ್ಲ. ಬಡವನೊಬ್ಬನು ಮರಹತ್ತಿ ಕಿತ್ತು ತಂದುದಕ್ಕೆ ಅವನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅವನ ಏಣಿಯ ಬುಡವನ್ನು ಹಿಡಿದು ನಿಂತವನು ಗಿರಾಕಿ. ನಾನು ಬಿಟ್ಟರೆ ಇನ್ನೊಬ್ಬನು ಕೊಳ್ಳುತ್ತಾನೆಂಬ ವಾದವು ಎಲ್ಲ ಕೆಟ್ಟ ವ್ಯಾಪಾರಗಳಿಗೂ ಹಳೆಯ ಊರುಗೋಲು. ಇನ್ನೊಬ್ಬನ ಖಾತೆಯನ್ನು ತೋರಿಸಿ ನಮ್ಮ ಖಾತೆಯನ್ನು ತೀರಿಸಲಾಗದು.

ಹಾಗಾದರೆ ಈ ಹೂವನ್ನು ಯಾರೂ ಮುಟ್ಟಲೇಬಾರದೆ? ಮಲೆನಾಡಿನ ಹೆಣ್ಣುಮಕ್ಕಳು ಮನೆಯ ಮುಂದಿನ ಮಾವಿನ ಮರದಿಂದ ಒಂದು ದಂಡೆಯನ್ನು ಬಿಡಿಸಿ ಮುಡಿದುಕೊಂಡರೆ ಗಿಡವು ಸಾಯುವುದಿಲ್ಲ. ಆದರೆ ಎಲ್ಲ ದಂಡೆಗಳನ್ನೂ ಕೊಯ್ದರೆ ಕಾಯಿಯಿಲ್ಲ, ಬೀಜವಿಲ್ಲ, ಮುಂದಿನ ಗಿಡವೂ ಇಲ್ಲ. ಹೂವೂ ಆ ಜೀವದ ಅಂಗವಾದುದರಿಂದ ಅದನ್ನೂ ಬಿಡುವವರ ನಿಯಮ ಹಿರಿದೇ. ಬಿಡಲಾರದವರು ಬೀಜಕ್ಕೆಂದು ಹೆಚ್ಚಿನ ಪಾಲನ್ನು ಮರದಲ್ಲಿಯೇ ಉಳಿಸುವುದು ಗೃಹಸ್ಥನ ಮಿತಿ. ಹೂವನ್ನು ಪಡೆದುದಕ್ಕೂ ಗಿಡವನ್ನು ಕಿತ್ತುದಕ್ಕೂ ಇರುವ ಅಂತರ ಹಾಲು ಕರೆದುದಕ್ಕೂ ಹಸುವನ್ನೇ ಹೊಡೆದುಕೊಂಡು ಹೋದುದಕ್ಕೂ ಇರುವಂಥದು. ಮನೆಯಲ್ಲಿ ಇಂತಹ ಗಿಡವಿರಲೇಬೇಕೆಂದು ಬಯಸುವವರಿಗೂ ಈಗ ಕಾಡನ್ನು ಕೆದಕಬೇಕಾದ ಅವಶ್ಯಕತೆಯಿಲ್ಲ. ಶಿಲೀಂಧ್ರದ ನೆರವಿಲ್ಲದೆ ಸಕ್ಕರೆಯ ಪಾಕದ ಮೇಲೆಯೇ ಬೀಜವನ್ನು ಮೊಳೆಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದ ಮೇಲೆ, ಪ್ರಯೋಗಶಾಲೆಗಳಲ್ಲಿ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಧಾರಾಳವಾಗಿ ದೊರೆಯುವಂತಾಗಿದೆ. ಕೊಳ್ಳುವ ಮುನ್ನ ಇದು ನರ್ಸರಿಯಲ್ಲಿ ಬೆಳೆದುದೆ, ಕಾಡಿನಿಂದ ಬಂದುದೆ ಎಂದು ಒಂದು ಮಾತು ಕೇಳುವುದು ಕಷ್ಟವಲ್ಲ.

ನಮ್ಮ ಬಸದಿಗಳ ಆಡಳಿತ ಸಮಿತಿಗಳಿಗೂ ಇದರಲ್ಲಿ ಕರ್ತವ್ಯವಿದೆ. ಅನೇಕ ಕ್ಷೇತ್ರಗಳ ಆವರಣದಲ್ಲಿ ಹಿರಿಯರು ನೆಟ್ಟ ಮಾವು, ಹಲಸು, ಹೆಬ್ಬಲಸುಗಳಿವೆ. ಬೀಜವು ಮೊಳೆಯಲು ಬಿರುಕುಬಿಟ್ಟ ಹಳೆಯ ತೊಗಟೆಯೇ ಬೇಕಾದುದರಿಂದ, ಒಂದು ಮುದಿಮರದ ಸ್ಥಾನವನ್ನು ಹತ್ತು ಎಳೆಯ ಸಸಿಗಳು ಕೂಡಲೇ ತುಂಬಲಾರವು. ರಸ್ತೆಯ ಅಗಲೀಕರಣದಲ್ಲಿ ಸಾಲುಮರಗಳು ಉರುಳುತ್ತಿರುವ ಈ ಕಾಲದಲ್ಲಿ ದೇವಾಲಯದ ಅಂಗಳವು ಇಂತಹ ಜೀವಗಳಿಗೆ ಉಳಿದ ಕೆಲವು ಆಸರೆಗಳಲ್ಲೊಂದು. ಜೀರ್ಣೋದ್ಧಾರವೆಂದು, ವಾಹನ ನಿಲ್ಲಿಸಲು ಜಾಗವೆಂದು ಮರವನ್ನು ಕಡಿಯುವ ಠರಾವಿಗೆ ಸಹಿಹಾಕುವ ಮುನ್ನ ಸಮಿತಿಯ ಸದಸ್ಯರು ಒಮ್ಮೆ ತಲೆಯೆತ್ತಿ ಕೊಂಬೆಗಳನ್ನು ನೋಡಲಿ. ಮರವನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಸೀತಾಳೆಯನ್ನೂ ಬಂದಳಿಕೆಯೆಂದು ತಿಳಿದು ಕೆರೆದುಹಾಕುವುದುಂಟು. ಬಂದಳಿಕೆಯು ಕೊಂಬೆಯೊಳಗಿನಿಂದಲೇ ಹೊರಟಂತೆ ಗಂಟುಕಟ್ಟಿರುತ್ತದೆ, ಸೀತಾಳೆಯ ಬೆಳ್ಳಿಬಣ್ಣದ ಬೇರುಗಳು ತೊಗಟೆಯ ಮೇಲೆಯೇ ಹರಿದಿರುತ್ತವೆ. ಈ ಗುರುತನ್ನು ಕೆಲಸದವರಿಗೆ ತೋರಿಸಿಕೊಟ್ಟರೆ ಸಾಕು.

ಕಡೆಯದಾಗಿ, ಆರನೆಯವನ ದಾರಿ. ಪ್ರತಿ ಮಳೆಗಾಲದಲ್ಲಿ ಗಾಳಿಗೆ ಮುರಿದ ಕೊಂಬೆಗಳೊಂದಿಗೆ ಎಷ್ಟೋ ಸೀತಾಳೆಗಳು ನೆಲಕ್ಕೆ ಬೀಳುತ್ತವೆ. ಕೆಸರಿನಲ್ಲಿ ಬಿದ್ದ ಗಿಡವು ಕೊಳೆತು ಸಾಯುವುದು ನಿಶ್ಚಯ. ಅದನ್ನು ಎತ್ತಿಕೊಂಡು, ಬೇರುಗಳು ತೊಗಟೆಗೆ ತಾಗುವಂತೆ ಹತ್ತಿರದ ಮರದ ಕೊಂಬೆಗೆ ತೆಂಗಿನ ನಾರಿನ ಅಥವಾ ಹತ್ತಿಯ ದಾರದಿಂದ ಕಟ್ಟಬೇಕು. ಮಣ್ಣು ಬೇಡ, ಗೊಬ್ಬರ ಬೇಡ. ಬೆಳಗಿನ ಬಿಸಿಲೂ ಗಾಳಿಯೂ ಇದ್ದರಾಯಿತು. ಮಳೆಗಾಲದಲ್ಲಿ ಹೊಸಬೇರು ಹಿಡಿಯುತ್ತದೆ. ದಾರವು ತಾನಾಗಿ ಕಳಚಿಬೀಳುವ ವೇಳೆಗೆ ಗಿಡಕ್ಕೆ ನಮ್ಮ ಹಂಗು ಇರುವುದಿಲ್ಲ. ಲೇಶ್ಯೆಯ ಚಿತ್ರದಲ್ಲಿನ ಆರನೆಯವನು ಬಿದ್ದುದನ್ನು ಆಯ್ದು ತಾನು ಉಂಡನು. ಬಿದ್ದುದನ್ನು ಆಯ್ದು ಮರಕ್ಕೆ ಹಿಂದಿರುಗಿಸುವವನು ಅವನಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಬಲ್ಲನು. ನಮ್ಮ ಮನೆಗಳ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ, ಅಹಿಂಸೆಯೆಂಬುದು ಕೇವಲ ಮಾಡದಿರುವುದರ ಪಟ್ಟಿಯಲ್ಲ, ತಿಳಿದು ಮಾಡುವ ಕೆಲಸವೂ ಹೌದೆಂಬುದು ಅವರಿಗೆ ಕೈಯಿಂದಲೇ ಮನವರಿಕೆಯಾದೀತು.